ವಯೋವೃದ್ಧರೂ ಎಚ್.ಐ.ವಿ. ನಿವಾರಣಾ ಶಿಕ್ಷಣವೂ: ಒಂದು ಚಾರಿತ್ರಿಕ ಪರಿಶೀಲನೆ

ಒಂದು ಸಮಾಜವು ತನ್ನ ಜನರಿಗೆ ಏನನ್ನು ಕಲಿಸಿತೆಂಬುದನ್ನು ಅರಿಯಲು ಪಠ್ಯಪುಸ್ತಕಗಳೂ ಸರ್ಕಾರದ ಆಜ್ಞೆಗಳೂ ಬಹುಮಟ್ಟಿಗೆ ಸಾಕಾಗುತ್ತವೆ. ಯಾರಿಗೆ ಕಲಿಸದೆ ಬಿಟ್ಟಿತೆಂಬುದನ್ನು ಅರಿಯುವುದು ಅದಕ್ಕಿಂತ ಕಷ್ಟವಾದ ಕೆಲಸ. ಮಾಡಿದ ಕಾರ್ಯಕ್ಕೆ ದಾಖಲೆಯುಂಟು. ಮಾಡದೆ ಬಿಟ್ಟುದಕ್ಕೆ ದಾಖಲೆಯಿಲ್ಲ. ಎಚ್.ಐ.ವಿ. ನಿವಾರಣೆಗಾಗಿ ನಮ್ಮ ದೇಶದಲ್ಲಿ ನಡೆದ ಶಿಕ್ಷಣಪ್ರಚಾರದ ಚರಿತ್ರೆಯನ್ನು ನೋಡಿದರೆ, ಹೀಗೆ ದಾಖಲೆಯಿಲ್ಲದೆ ಬಿಟ್ಟುಹೋದ ಒಂದು ದೊಡ್ಡ ಸಮುದಾಯವು ಕಣ್ಣಿಗೆ ಬೀಳುತ್ತದೆ. ಅದು ಐವತ್ತು ವರ್ಷ ದಾಟಿದವರ ಸಮುದಾಯ. ೨೦೧೧ರ ಜನಗಣತಿಯ ಪ್ರಕಾರ ಅರವತ್ತು ವರ್ಷ ತುಂಬಿದವರೇ ಭಾರತದಲ್ಲಿ ಸುಮಾರು ೧೦ ಕೋಟಿ ೪೦ ಲಕ್ಷ ಮಂದಿಯಿದ್ದರು. ಇಷ್ಟು ಜನ ಒಂದು ರೋಗದ ವಿಷಯವಾದ ಶಿಕ್ಷಣದ ಹೊರಗೆ ಉಳಿದುದು ಹೇಗೆ, ಅದರಿಂದ ಆಗುತ್ತಿರುವ ಹಾನಿ ಯಾವುದು, ಅದಕ್ಕೆ ಪರಿಹಾರವೇನು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ನಾವು ವೈದ್ಯಶಾಸ್ತ್ರದವರಲ್ಲ, ಇತಿಹಾಸದ ಅಭ್ಯಾಸಿಗಳು. ಆದುದರಿಂದ ವೈದ್ಯಕ ವಿಷಯಗಳಲ್ಲಿ ಇಂದು ಸರ್ವಸಮ್ಮತವಾಗಿರುವುದನ್ನು ಮಾತ್ರ ಹೇಳಿ, ಉಳಿದಂತೆ ಚರಿತ್ರೆಯ ದಾರಿಯಲ್ಲಿಯೇ ನಡೆಯುತ್ತೇವೆ.

೧. ಒಂದು ವಯೋಮಿತಿಯ ಹುಟ್ಟು

ಏಡ್ಸ್ ರೋಗದ ಮೊದಲ ವರದಿ ಅಮೆರಿಕದಲ್ಲಿ ೧೯೮೧ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದಕ್ಕೆ ಕಾರಣವಾದ ವೈರಾಣುವನ್ನು ೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಬೇರ್ಪಡಿಸಿದರು. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಅಂದಿನ ಮದರಾಸಿನಲ್ಲಿ, ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತವನ್ನು ಪರೀಕ್ಷಿಸಿದಾಗ. ೧೯೯೨ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸ್ಥಾಪಿತವಾಗಿ, ರಾಷ್ಟ್ರೀಯ ಕಾರ್ಯಕ್ರಮದ ಮೊದಲನೆಯ ಘಟ್ಟ ಆರಂಭವಾಯಿತು. ೧೯೯೭ರ ಡಿಸೆಂಬರಿನಲ್ಲಿ ಕರ್ನಾಟಕ ರಾಜ್ಯ ಏಡ್ಸ್ ನಿಯಂತ್ರಣ ಸಂಘವು ರೂಪುಗೊಂಡಿತು.

ರೋಗವನ್ನು ತಡೆಯಬೇಕಾದರೆ ಮೊದಲು ಅದನ್ನು ಅಳೆಯಬೇಕು. ೧೯೯೮ರಿಂದ ನಡೆದುಬಂದ ಕಾವಲು ಸಮೀಕ್ಷೆಯಲ್ಲಿ ಸಾಮಾನ್ಯ ಜನಸಮುದಾಯದ ಸ್ಥಿತಿಯನ್ನು ತಿಳಿಯಲು ಆರಿಸಿಕೊಂಡುದು ಗರ್ಭಿಣಿಯರನ್ನು. ಪ್ರಸವಪೂರ್ವ ಪರೀಕ್ಷೆಗಾಗಿ ಆಸ್ಪತ್ರೆಗೆ ಬರುವವರ ರಕ್ತವು ಸುಲಭವಾಗಿ ದೊರೆಯುತ್ತದೆ. ಅವರಲ್ಲಿ ಕಂಡ ಪ್ರಮಾಣದಿಂದ ಉಳಿದವರ ಪ್ರಮಾಣವನ್ನು ಊಹಿಸಬಹುದು. ಆದರೆ ಗರ್ಭಿಣಿಯರ ವಯಸ್ಸು ಸ್ವಭಾವತಃ ಹದಿನೈದರಿಂದ ನಲವತ್ತೊಂಬತ್ತರೊಳಗೆ ಇರುತ್ತದೆ. ಜನಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಂತಾನಯೋಗ್ಯ ವಯಸ್ಸೆಂದು ಹೆಸರು. ಜನನ ಪ್ರಮಾಣವನ್ನು ಲೆಕ್ಕಹಾಕುವುದಕ್ಕಾಗಿ ಏರ್ಪಟ್ಟ ಈ ಮಿತಿಯು ಹೀಗೆ ಒಂದು ಸಾಂಕ್ರಾಮಿಕ ರೋಗದ ಅಳತೆಗೋಲಾಗಿ ಪರಿಣಮಿಸಿತು. ದೇಶದಲ್ಲಿ ‘ವಯಸ್ಕರಲ್ಲಿ ಎಚ್.ಐ.ವಿ. ಪ್ರಮಾಣ’ವೆಂದು ಇಂದಿಗೂ ಪ್ರಕಟವಾಗುವ ಅಂಕಿಯು ೧೫ರಿಂದ ೪೯ ವರ್ಷದವರಿಗೆ ಸಂಬಂಧಪಟ್ಟುದು. ಒಟ್ಟು ಸೋಂಕಿತರ ಅಂದಾಜಿನಲ್ಲಿ ಎಲ್ಲ ವಯಸ್ಸಿನವರೂ ಸೇರಿರುತ್ತಾರೆಂಬುದು ನಿಜ. ಆದರೆ ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಉಲ್ಲೇಖಗೊಳ್ಳುವುದು ಪ್ರಮಾಣದ ಅಂಕಿಯೇ.

೨೦೦೫-೦೬ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಈ ವಿಷಯದಲ್ಲಿ ಒಂದು ಮಹತ್ತ್ವದ ಘಟನೆ. ಮನೆಮನೆಗಳಲ್ಲಿ ರಕ್ತದ ಮಾದರಿಗಳನ್ನು ಸಂಗ್ರಹಿಸಿದ ಈ ಸಮೀಕ್ಷೆಯ ಫಲವೂ ಸೇರಿ, ೨೦೦೭ರಲ್ಲಿ ದೇಶದ ಸೋಂಕಿತರ ಅಂದಾಜು ೫೦ ಲಕ್ಷಕ್ಕೂ ಮೇಲಿದ್ದುದು ಸುಮಾರು ೨೫ ಲಕ್ಷಕ್ಕೆ ಇಳಿಯಿತು. ಯಾರನ್ನು ಅಳೆಯುತ್ತೇವೆಂಬುದರ ಮೇಲೆ ಏನು ತಿಳಿಯುತ್ತದೆಂಬುದು ಎಷ್ಟು ಅವಲಂಬಿಸಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆದರೆ ಈ ಸಮೀಕ್ಷೆಯಲ್ಲಿಯೂ ಹೆಂಗಸರ ವಯೋಮಿತಿ ೪೯, ಗಂಡಸರದು ೫೪. ಕರ್ನಾಟಕದಲ್ಲಿ ೨೦೦೩ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯ ಹಳ್ಳಿಪಟ್ಟಣಗಳಲ್ಲಿ ನಡೆದ ಪ್ರಸಿದ್ಧ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ ಸುಮಾರು ೩ ಮಂದಿಗೆ ಸೋಂಕಿರುವುದನ್ನು ತೋರಿಸಿ ಎಲ್ಲರನ್ನೂ ಎಚ್ಚರಿಸಿತು. ಅಲ್ಲಿಯೂ ಪರೀಕ್ಷೆಗೆ ಒಳಗಾದವರು ೧೫ರಿಂದ ೪೯ ವರ್ಷದವರೇ. ಅದೇ ಮನೆಗಳ ಜಗಲಿಯ ಮೇಲೆ ಕುಳಿತಿದ್ದ ಹಿರಿಯರನ್ನು ಕೇಳುವ ಪದ್ಧತಿ ಇರಲಿಲ್ಲ.

ಇಲ್ಲಿ ಯಾರ ದುರುದ್ದೇಶವನ್ನೂ ನಾವು ಆರೋಪಿಸುತ್ತಿಲ್ಲ. ಹಣವೂ ಸಿಬ್ಬಂದಿಯೂ ಮಿತವಾಗಿದ್ದಾಗ ಅಪಾಯ ಹೆಚ್ಚಾಗಿರುವ ಕಡೆಗೆ ಗಮನ ಕೊಟ್ಟುದು ವಿವೇಕವೇ ಸರಿ. ಆದರೆ ಅಳತೆಯ ಅನುಕೂಲಕ್ಕಾಗಿ ಎಳೆದ ಗೆರೆಯು ಕಾಲಕ್ರಮದಲ್ಲಿ ಅಪಾಯದ ಗೆರೆಯೆಂದೇ ಭಾವಿತವಾಯಿತು. ಲೆಕ್ಕಕ್ಕೆ ಬಾರದವರು ಪ್ರಚಾರಕ್ಕೂ ಬಾರದೆ ಹೋದರು. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವು ತನ್ನ ಜಾಗತಿಕ ವರದಿಗೆ ಅನುಬಂಧವಾಗಿ ವೃದ್ಧಾಪ್ಯ ಮತ್ತು ಎಚ್.ಐ.ವಿ. ಕುರಿತು ಪ್ರತ್ಯೇಕ ಪುಸ್ತಿಕೆಯನ್ನು ಹೊರತಂದುದು ೨೦೧೩ರಲ್ಲಿ. ಜಗತ್ತಿನಲ್ಲಿ ಐವತ್ತು ದಾಟಿದ ಸೋಂಕಿತರು ಆಗಲೇ ೩೬ ಲಕ್ಷ ಮಂದಿಯಿರುವರೆಂದು ಅದು ಅಂದಾಜುಮಾಡಿತು.

೨. ಸಂತಾನನಿಯಂತ್ರಣದ ನೆರಳು

ಎರಡನೆಯ ಕಾರಣವು ಇನ್ನೂ ಹಿಂದಿನ ಕಾಲದ್ದು. ದಾಂಪತ್ಯದ ವಿಷಯವನ್ನು ಸರ್ಕಾರವು ಜನರೊಡನೆ ಬಹಿರಂಗವಾಗಿ ಮಾತನಾಡಲು ತೊಡಗಿದುದು ಸಂತಾನದ ಪ್ರಶ್ನೆಯಿಂದ. ಈ ಕಾರ್ಯದಲ್ಲಿ ಮೈಸೂರು ಸಂಸ್ಥಾನವು ಮುಂದಾಳು. ೧೯೩೦ರಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳ ಸರ್ಕಾರೀ ಆಸ್ಪತ್ರೆಗಳಲ್ಲಿ ಜನನನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಲು ಸಂಸ್ಥಾನದ ಸರ್ಕಾರ ಆಜ್ಞೆ ಹೊರಡಿಸಿತು. ಸ್ವಾತಂತ್ರ್ಯಾನಂತರ ೧೯೫೨ರಲ್ಲಿ ಭಾರತ ಸರ್ಕಾರವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. ೧೯೬೮ರಲ್ಲಿ ‘ನಿರೋಧ್’ ಎಂಬ ಹೆಸರಿನ ಕಾಂಡೋಮ್ ಅತ್ಯಲ್ಪ ಬೆಲೆಗೆ ಮಾರುಕಟ್ಟೆಗೆ ಬಂದಿತು. ಕೆಂಪು ತ್ರಿಕೋನದ ಗುರುತು ಹಳ್ಳಿಹಳ್ಳಿಯ ಗೋಡೆಗಳಲ್ಲಿ ಕಾಣಿಸಿಕೊಂಡಿತು.

ಇಂದು ಅರವತ್ತೈದು ಎಪ್ಪತ್ತು ವಯಸ್ಸಾಗಿರುವವರು ಈ ಪ್ರಚಾರದ ಕಾಲದಲ್ಲಿ ಬೆಳೆದು ಗೃಹಸ್ಥರಾದವರು. ಕಾಂಡೋಮ್ ಎಂದರೆ ಮಗುವಾಗದಂತೆ ತಡೆಯುವ ಸಾಧನವೆಂದೇ ಅವರು ತಿಳಿದರು. ಅದು ರೋಗವನ್ನೂ ತಡೆಯುವುದೆಂಬ ಪಾಠ ಆ ಗೋಡೆಯ ಬರಹದಲ್ಲಿ ಇರಲಿಲ್ಲ. ಅಷ್ಟೇ ಅಲ್ಲ, ಕರ್ನಾಟಕದಲ್ಲಿ ಕುಟುಂಬ ಯೋಜನೆಯ ಮುಖ್ಯ ಮಾರ್ಗವಾದುದು ಸ್ತ್ರೀಯರ ಸಂತಾನಹರಣ ಶಸ್ತ್ರಚಿಕಿತ್ಸೆ. ಎರಡು ಮೂರು ಮಕ್ಕಳಾದ ಮೇಲೆ ‘ಆಪರೇಷನ್’ ಮಾಡಿಸಿಕೊಂಡ ದಂಪತಿಗಳಿಗೆ ಕಾಂಡೋಮಿನ ಅವಶ್ಯಕತೆ ಅಲ್ಲಿಗೆ ಮುಗಿಯಿತು. ಮುಟ್ಟು ನಿಂತ ಮೇಲಂತೂ ಆ ಮಾತೇ ಇಲ್ಲ. ಹೀಗಾಗಿ ಮೊದಲ ಪ್ರಚಾರದ ಯಶಸ್ಸೇ ಎರಡನೆಯ ಪ್ರಚಾರಕ್ಕೆ ತೊಡಕಾಯಿತೆಂದು ಹೇಳಬಹುದು. ‘ನಮಗಿನ್ನು ಮಕ್ಕಳಾಗುವ ವಯಸ್ಸಲ್ಲ’ ಎಂಬುದು ‘ನಮಗಿನ್ನು ಅಪಾಯವಿಲ್ಲ’ ಎಂಬುದಕ್ಕೆ ಸಮಾನವೆಂಬ ಭ್ರಾಂತಿಯು ಬೇರೂರಿತು. ವೈರಾಣುವಿಗೆ ಸಂತಾನದ ಲೆಕ್ಕ ತಿಳಿಯದು.

೩. ಗೌರವದ ಮೌನ

ಮೂರನೆಯ ಕಾರಣವು ನಮ್ಮ ಸಂಸ್ಕೃತಿಯಲ್ಲಿಯೇ ಅಡಗಿದೆ. ಮನೆಯಲ್ಲಿ ಮೊಮ್ಮಕ್ಕಳಾದ ಮೇಲೆ ಹಿರಿಯರು ದೇವರು ದಿಂಡರೆಂದು ಕಾಲಕಳೆಯಬೇಕೆಂಬುದು ಲೋಕರೂಢಿ. ನಾಲ್ಕು ಆಶ್ರಮಗಳ ಕಲ್ಪನೆಯಲ್ಲಿ ಗಾರ್ಹಸ್ಥ್ಯದ ಅನಂತರ ಬರುವುದು ವಾನಪ್ರಸ್ಥ. ಆದರೆ ಆದರ್ಶವನ್ನು ವಾಸ್ತವವೆಂದು ಭಾವಿಸುವ ತಪ್ಪನ್ನು ನಮ್ಮ ಪೂರ್ವಿಕರು ಮಾಡಲಿಲ್ಲ. ಮಗನ ಯೌವನವನ್ನು ಬೇಡಿ ಪಡೆದ ಯಯಾತಿಯ ಕಥೆ ಮಹಾಭಾರತದಲ್ಲಿಯೇ ಇದೆ. ೧೯೬೧ರಲ್ಲಿ ಗಿರೀಶ ಕಾರ್ನಾಡರು ಅದನ್ನು ಕನ್ನಡ ನಾಟಕವಾಗಿ ಪ್ರಕಟಿಸಿದರು. ಮುಪ್ಪಿನಲ್ಲಿ ಕಾಮವು ತಾನಾಗಿ ಶಮನವಾಗುವುದೆಂದು ಆ ಕಥೆಯನ್ನು ಕಟ್ಟಿದವರು ನಂಬಿರಲಾರರು.

ಹಿರಿಯರೆದುರಿನಲ್ಲಿ ಇಂತಹ ಮಾತನ್ನು ಆಡಬಾರದೆಂಬ ಸಂಕೋಚ ಕಿರಿಯರಿಗೆ. ಕಿರಿಯರೊಡನೆ ಹೇಗೆ ಕೇಳುವುದೆಂಬ ನಾಚಿಕೆ ಹಿರಿಯರಿಗೆ. ಮಗನ ವಯಸ್ಸಿನ ವೈದ್ಯನು ತಂದೆಯ ವಯಸ್ಸಿನ ರೋಗಿಯನ್ನು ಮಂಡಿನೋವು, ಮಲಬದ್ಧತೆ, ನಿದ್ರಾಹೀನತೆಗಳನ್ನು ಕುರಿತು ವಿಚಾರಿಸುತ್ತಾನೆ. ದಾಂಪತ್ಯವನ್ನು ಕುರಿತು ಒಂದು ಮಾತೂ ಕೇಳುವುದಿಲ್ಲ. ಗೌರವದಿಂದ ಹುಟ್ಟಿದ ಈ ಮೌನವು ಫಲದಲ್ಲಿ ಉಪೇಕ್ಷೆಗಿಂತ ಬೇರೆಯಲ್ಲ.

ಯುವಜನರ ಶಿಕ್ಷಣಕ್ಕೂ ವೃದ್ಧರ ಶಿಕ್ಷಣಕ್ಕೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಶಾಲೆಗಳಲ್ಲಿ ಆರಂಭವಾದ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮಕ್ಕೆ ೨೦೦೭ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ತೀವ್ರ ವಿರೋಧ ಬಂದು, ಅದು ತಡೆಹಿಡಿಯಲ್ಪಟ್ಟಿತು. ಅದನ್ನು ಕುರಿತು ವಾದವಿವಾದಗಳು ನಡೆದುವು. ಅದೇ ವರ್ಷದ ಡಿಸೆಂಬರ್ ೧ರಂದು ಹೊರಟ ‘ರೆಡ್ ರಿಬನ್ ಎಕ್ಸ್‌ಪ್ರೆಸ್’ ರೈಲು ದೇಶವನ್ನು ಸುತ್ತಿತು. ಕಾಲೇಜುಗಳಲ್ಲಿ ರೆಡ್ ರಿಬನ್ ಸಂಘಗಳು ಸ್ಥಾಪಿತವಾದುವು. ಹಿರಿಯರ ಶಿಕ್ಷಣಕ್ಕಾದರೋ ವಿರೋಧವೇ ಬರಲಿಲ್ಲ. ಏಕೆಂದರೆ ಅದಕ್ಕಾಗಿ ಅಷ್ಟು ದೊಡ್ಡ ಯೋಜನೆಯೊಂದು ಜನರ ಮುಂದೆ ಬರಲೇ ಇಲ್ಲ.

ರೋಗವನ್ನು ಅನ್ಯರದೆಂದು ದೂರವಿಡುವ ಪ್ರವೃತ್ತಿಯೂ ಇದರೊಡನೆ ಸೇರಿತು. ಇದು ಹಳೆಯ ಪ್ರವೃತ್ತಿ. ಸಿಫಿಲಿಸ್ ರೋಗವು ಯೂರೋಪಿಯನ್ನರ ಸಂಪರ್ಕದಿಂದ ಭಾರತಕ್ಕೆ ಬಂದಾಗ ಹದಿನಾರನೆಯ ಶತಮಾನದ ‘ಭಾವಪ್ರಕಾಶ’ವು ಅದನ್ನು ‘ಫಿರಂಗ ರೋಗ’ವೆಂದು ಕರೆಯಿತು. ಯೂರೋಪಿನಲ್ಲಿಯೂ ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರೆ ಫ್ರೆಂಚರು ನೇಪಲ್ಸಿನವರ ರೋಗವೆಂದರು. ಎಚ್.ಐ.ವಿ. ಸೋಂಕನ್ನೂ ನಮ್ಮ ಜನ ಲಾರಿ ಚಾಲಕರ ರೋಗ, ಲೈಂಗಿಕ ವೃತ್ತಿಯವರ ರೋಗ, ಪಟ್ಟಣದ ಹುಡುಗರ ರೋಗವೆಂದು ಮೊದಮೊದಲು ತಿಳಿದರು. ಮರ್ಯಾದಸ್ಥರಾದ ಹಿರಿಯರಿಗೆ ಅದು ಬರುವುದೆಂಬ ಯೋಚನೆಯೇ ಅಸಭ್ಯವೆನಿಸಿತು.

ಹಿರಿಯರಲ್ಲಿಯೂ ಎಲ್ಲರ ಜೀವನ ಒಂದೇ ಬಗೆಯದಲ್ಲ. ಪತ್ನಿಯನ್ನು ಕಳೆದುಕೊಂಡವರು, ಪತಿಯನ್ನು ಕಳೆದುಕೊಂಡವರು, ಉದ್ಯೋಗಕ್ಕಾಗಿ ಬಹುಕಾಲ ಮನೆಯಿಂದ ದೂರವಿದ್ದವರು, ಇಳಿವಯಸ್ಸಿನಲ್ಲಿ ಹೊಸ ಸಂಬಂಧ ಬೆಳಸಿದವರು ಇದ್ದಾರೆ. ಸಲಿಂಗ ಸಂಬಂಧವನ್ನು ಅಪರಾಧವೆಂದು ೧೮೬೦ರಲ್ಲಿ ವಿಧಿಸಿದ ಕಾನೂನು ವಯಸ್ಕರ ಸಮ್ಮತಿಯ ವಿಷಯದಲ್ಲಿ ಬಲ ಕಳೆದುಕೊಂಡುದು ೨೦೧೮ರ ಸೆಪ್ಟೆಂಬರ್ ೬ರಂದು, ಸುಪ್ರೀಂ ಕೋರ್ಟಿನ ತೀರ್ಪಿನಿಂದ. ತಮ್ಮ ಆಯುಷ್ಯದ ಬಹುಭಾಗವನ್ನು ಆ ಕಾನೂನಿನ ಭಯದಲ್ಲಿ ಕಳೆದ ವೃದ್ಧರು ವೈದ್ಯರೆದುರಿನಲ್ಲಿ ಒಮ್ಮೆಗೇ ಬಾಯಿಬಿಡುವರೆಂದು ನಿರೀಕ್ಷಿಸುವಂತಿಲ್ಲ.

೪. ಶರೀರಧರ್ಮವೂ ರೋಗದ ಗುರುತೂ

ಇನ್ನು ಹಾನಿಯ ವಿಚಾರ. ವಯಸ್ಸು ರಕ್ಷೆಯಲ್ಲವೆಂಬುದಕ್ಕೆ ಶರೀರದಲ್ಲಿಯೇ ಕಾರಣಗಳುಂಟು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಕಡಮೆಯಾಗಿ ಯೋನಿಯ ಒಳಪೊರೆ ತೆಳುವಾಗುತ್ತದೆ, ಒಣಗುತ್ತದೆ. ಸಂಭೋಗಕಾಲದಲ್ಲಿ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುವ ಸಂಭವ ಹೆಚ್ಚು. ಅವುಗಳ ಮೂಲಕ ವೈರಾಣು ಸುಲಭವಾಗಿ ಒಳಹೋಗಬಲ್ಲುದು. ಗಂಡಸರ ವಿಷಯದಲ್ಲಿ, ೧೯೯೮ರಲ್ಲಿ ಸಿಲ್ಡೆನಾಫಿಲ್ ಎಂಬ ಔಷಧವು ಬಳಕೆಗೆ ಬಂದ ಮೇಲೆ ಇಳಿವಯಸ್ಸಿನ ಲೈಂಗಿಕ ಜೀವನದ ಅವಧಿ ದೀರ್ಘವಾಯಿತು. ಹೃದಯದ ನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರು ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಕೆಲವು ಎಚ್.ಐ.ವಿ. ಔಷಧಗಳೊಡನೆ ಸೇವಿಸಿದರೆ ಇದರ ಅಂಶ ರಕ್ತದಲ್ಲಿ ಮಿತಿಮೀರಿ ಏರುತ್ತದೆ. ನಾಚಿಕೆಯಿಂದ ಅಂಗಡಿಯಲ್ಲಿ ಗುಟ್ಟಾಗಿ ಕೊಂಡವರಿಗೆ ಇದನ್ನು ಹೇಳುವವರು ಯಾರು?

ಇದಕ್ಕಿಂತ ದೊಡ್ಡ ಹಾನಿಯು ರೋಗನಿರ್ಣಯದ ವಿಳಂಬದಿಂದ ಆಗುತ್ತದೆ. ತೂಕ ಇಳಿಯುವುದು, ಆಯಾಸ, ಬಿಡದ ಕೆಮ್ಮು, ಮರೆವು, ಸರ್ಪಸುತ್ತು ಮುಂತಾದುವು ಎಚ್.ಐ.ವಿ. ಸೋಂಕಿನ ಸೂಚನೆಗಳೂ ಆಗಿರಬಹುದು, ವೃದ್ಧಾಪ್ಯದ ಸಾಮಾನ್ಯ ತೊಂದರೆಗಳೂ ಆಗಿರಬಹುದು. ಇಪ್ಪತ್ತೈದರ ಯುವಕನಲ್ಲಿ ಇವು ಕಂಡರೆ ವೈದ್ಯನು ರಕ್ತಪರೀಕ್ಷೆಗೆ ಕಳುಹಿಸುತ್ತಾನೆ. ಅರವತ್ತೈದರ ವೃದ್ಧನಲ್ಲಿ ಕಂಡರೆ ‘ವಯಸ್ಸಾಯಿತು’ ಎನ್ನುತ್ತಾನೆ. ಹೀಗೆ ಕಾಲ ಕಳೆದಷ್ಟೂ ದೇಹದ ರೋಗನಿರೋಧಕ ಶಕ್ತಿ ಕುಂದುತ್ತದೆ. ಚಿಕಿತ್ಸೆ ಆರಂಭವಾದ ಮೇಲೆಯೂ ಆ ಶಕ್ತಿ ಕಿರಿಯರಲ್ಲಿ ಚೇತರಿಸಿಕೊಳ್ಳುವಷ್ಟು ಬೇಗ ಹಿರಿಯರಲ್ಲಿ ಚೇತರಿಸಿಕೊಳ್ಳುವುದಿಲ್ಲ. ಅಲ್ಲದೆ ಸೋಂಕಿರುವುದನ್ನು ಅರಿಯದ ವ್ಯಕ್ತಿಯು ತನ್ನ ಜೀವನಸಂಗಾತಿಗೂ ಅದನ್ನು ಅರಿಯದೆಯೇ ದಾಟಿಸಬಹುದು.

ಹೊಸ ಸೋಂಕಿನ ಮಾತು ಹಾಗಿರಲಿ. ಹಳೆಯ ಸೋಂಕಿನೊಡನೆ ವೃದ್ಧರಾಗುತ್ತಿರುವವರ ಸಂಖ್ಯೆಯೂ ಬೆಳೆಯುತ್ತಿದೆ. ೧೯೯೬ರಲ್ಲಿ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಫಲಕಾರಿಯೆಂದು ಸ್ಥಿರಪಟ್ಟಿತು. ಭಾರತ ಸರ್ಕಾರವು ೨೦೦೪ರ ಏಪ್ರಿಲ್ ೧ರಿಂದ ಎ.ಆರ್.ಟಿ. ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ತೊಡಗಿತು; ೨೦೧೭ರಿಂದ ಸೋಂಕು ಪತ್ತೆಯಾದ ಕೂಡಲೆ ಎಲ್ಲರಿಗೂ ಚಿಕಿತ್ಸೆಯೆಂಬ ನೀತಿ ಜಾರಿಗೆ ಬಂದಿತು. ೨೦೦೦ದಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ಸೋಂಕು ತಗುಲಿ, ಔಷಧದಿಂದ ಬದುಕುಳಿದವನು ೨೦೨೫ಕ್ಕೆ ಅರವತ್ತು ತುಂಬಿದ ಹಿರಿಯನಾಗಿದ್ದಾನೆ. ಇದು ವೈದ್ಯಶಾಸ್ತ್ರದ ವಿಜಯ. ಆದರೆ ಆತನಿಗೆ ಈಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ಸೇರಿಕೊಳ್ಳುತ್ತವೆ. ಒಂದು ಔಷಧವು ಇನ್ನೊಂದರ ಮೇಲೆ ಪರಿಣಾಮ ಮಾಡುತ್ತದೆ. ಇಂದು ಎಚ್.ಐ.ವಿ. ಚಿಕಿತ್ಸೆಯಲ್ಲಿ ಮುಖ್ಯವಾಗಿರುವ ಡೊಲುಟೆಗ್ರಾವಿರ್ ಔಷಧವು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ಅಂಶವನ್ನು ರಕ್ತದಲ್ಲಿ ಹೆಚ್ಚಿಸುತ್ತದೆ. ಎರಡನ್ನೂ ಸೇವಿಸುವವರು ಎರಡೂ ಕಡೆಯ ವೈದ್ಯರಿಗೆ ಅದನ್ನು ತಿಳಿಸಬೇಕು. ಒಂದನ್ನು ಮರೆಮಾಚಿದರೆ ಕೇಡು.

೫. ಅನ್ಯದೇಶಗಳ ಅನುಭವ

ಅಮೆರಿಕದಲ್ಲಿ ಮೊದಲ ವರ್ಷಗಳಲ್ಲಿ ವೃದ್ಧರಿಗೆ ಸೋಂಕು ತಗುಲಿದುದು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಪಡೆದ ರಕ್ತದಿಂದ. ೧೯೮೫ರಲ್ಲಿ ರಕ್ತಪರೀಕ್ಷೆ ಬಂದ ಮೇಲೆ ಆ ದಾರಿ ಮುಚ್ಚಿತು. ಆಮೇಲೂ ವೃದ್ಧರಲ್ಲಿ ಕಂಡುಬಂದ ಸೋಂಕಿಗೆ ಲೈಂಗಿಕ ಸಂಪರ್ಕವೇ ಮುಖ್ಯ ಕಾರಣವಾಯಿತು. ೨೦೧೮ರ ವೇಳೆಗೆ ಅಲ್ಲಿ ಸೋಂಕು ಪತ್ತೆಯಾಗಿ ಜೀವಿಸುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐವತ್ತು ದಾಟಿದವರು. ಆ ವರ್ಷ ಹೊಸದಾಗಿ ಪತ್ತೆಯಾದವರಲ್ಲಿಯೂ ನೂರಕ್ಕೆ ೧೭ ಮಂದಿ ಅದೇ ವಯಸ್ಸಿನವರು.

೨೦೦೭ರಲ್ಲಿ ಅಲ್ಲಿ ೫೭ರಿಂದ ೮೫ ವರ್ಷದ ೩,೦೦೫ ಮಂದಿಯನ್ನು ಕುರಿತ ಒಂದು ಅಧ್ಯಯನ ಪ್ರಕಟವಾಯಿತು. ೫೭ರಿಂದ ೬೪ ವರ್ಷದವರಲ್ಲಿ ನೂರಕ್ಕೆ ೭೩, ೬೫ರಿಂದ ೭೪ರವರಲ್ಲಿ ೫೩, ೭೫ರಿಂದ ೮೫ರವರಲ್ಲಿ ೨೬ ಮಂದಿ ಲೈಂಗಿಕ ಜೀವನವುಳ್ಳವರೆಂದು ಅದರಿಂದ ತಿಳಿದುಬಂದಿತು. ಐವತ್ತು ದಾಟಿದ ಮೇಲೆ ವೈದ್ಯರೊಡನೆ ಈ ವಿಷಯವನ್ನು ಒಮ್ಮೆಯಾದರೂ ಮಾತನಾಡಿದವರು ಗಂಡಸರಲ್ಲಿ ನೂರಕ್ಕೆ ೩೮, ಹೆಂಗಸರಲ್ಲಿ ೨೨ ಮಾತ್ರ. ಮಾತಿನಲ್ಲಿ ಸಂಕೋಚವಿಲ್ಲವೆಂದು ನಾವು ಭಾವಿಸುವ ದೇಶದ ಸ್ಥಿತಿಯೇ ಹೀಗಿದೆ. ಈ ಅಂಕಿಗಳನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೆ ವೃದ್ಧಾಪ್ಯವೆಂದರೆ ಬ್ರಹ್ಮಚರ್ಯವೆಂಬ ಊಹೆಗೆ ಅವು ಸಾಕಷ್ಟು ಉತ್ತರ ಕೊಡುತ್ತವೆ. ದಕ್ಷಿಣ ಆಫ್ರಿಕದ ಅಗಿನ್‌ಕೋರ್ಟ್ ಪ್ರದೇಶದ ಹಳ್ಳಿಗಳಲ್ಲಿ ೨೦೧೦-೧೧ರಲ್ಲಿ ನಡೆದ ಸಮೀಕ್ಷೆಯಲ್ಲಿ ಐವತ್ತು ಮೀರಿದವರಲ್ಲಿ ನೂರಕ್ಕೆ ೧೬ಕ್ಕೂ ಹೆಚ್ಚು ಮಂದಿಗೆ ಸೋಂಕಿರುವುದು ಕಂಡುಬಂದಿತು. ಕೇಳಿದ ಕಡೆಯಲ್ಲಿ ಉತ್ತರ ದೊರೆಯಿತು.

ಪರಿಹಾರದ ದಾರಿಯಲ್ಲಿ ಎರಡು ಪ್ರಯತ್ನಗಳು ಗಮನಾರ್ಹ. ೧೯೯೦ರ ದಶಕದ ಕೊನೆಯಲ್ಲಿ, ನಿವೃತ್ತರು ಬಹಳವಾಗಿ ನೆಲೆಸಿರುವ ಫ್ಲಾರಿಡಾ ಪ್ರಾಂತ್ಯದಲ್ಲಿ ವೃದ್ಧರಿಗೇ ತರಬೇತು ಕೊಟ್ಟು, ಅವರ ಮೂಲಕ ವೃದ್ಧರಿಗೆ ತಿಳಿವಳಿಕೆ ಹೇಳಿಸುವ ಕ್ರಮವನ್ನು ಕೈಗೊಂಡರು. ೨೦೦೮ರಿಂದ ಸೆಪ್ಟೆಂಬರ್ ೧೮ನೆಯ ದಿನವನ್ನು ಎಚ್.ಐ.ವಿ. ಮತ್ತು ವೃದ್ಧಾಪ್ಯದ ಅರಿವಿನ ದಿನವೆಂದು ಆಚರಿಸಲಾಗುತ್ತಿದೆ. ಆದರೂ ಎಲ್ಲರಿಗೂ ಸಾಮಾನ್ಯವಾಗಿ ರಕ್ತಪರೀಕ್ಷೆ ಮಾಡಬೇಕೆಂಬ ೨೦೦೬ರ ಅಮೆರಿಕದ ಶಿಫಾರಸ್ಸು ೬೪ನೆಯ ವಯಸ್ಸಿಗೆ ನಿಂತಿತು. ಗೆರೆ ಮೇಲಕ್ಕೆ ಸರಿಯಿತೇ ಹೊರತು ಅಳಿಯಲಿಲ್ಲ.

೬. ಶಿಕ್ಷಣದ ಸಾಮಗ್ರಿ

ಹಿರಿಯರಿಗೆ ಕೊಡತಕ್ಕ ಶಿಕ್ಷಣದಲ್ಲಿ ಏನಿರಬೇಕು? ನಮ್ಮ ದೃಷ್ಟಿಯಲ್ಲಿ ಕೆಳಗಿನ ಅಂಶಗಳು ಅವಶ್ಯವಾದುವು.

ಮೊದಲನೆಯದಾಗಿ, ಸೋಂಕು ಹರಡುವ ಬಗೆ. ರಕ್ಷೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಮತ್ತೊಬ್ಬರಿಗೆ ಚುಚ್ಚುವುದು, ತಾಯಿಯಿಂದ ಮಗುವಿಗೆ—ಈ ನಾಲ್ಕು ದಾರಿಗಳಿಂದ ಸೋಂಕು ಹರಡುತ್ತದೆ. ಒಂದೇ ತಟ್ಟೆಯಲ್ಲಿ ಊಟ, ಒಂದೇ ಚೊಂಬಿನ ನೀರು, ಸ್ಪರ್ಶ, ಸೊಳ್ಳೆ ಕಡಿತ ಇವುಗಳಿಂದ ಹರಡುವುದಿಲ್ಲ. ಈ ಎರಡನೆಯ ಮಾತು ಹಿರಿಯರಿಗೆ ವಿಶೇಷವಾಗಿ ಬೇಕು. ಮನೆಯಲ್ಲಿ ಯಾರನ್ನು ಪಂಕ್ತಿಗೆ ಕೂರಿಸಬೇಕು, ಯಾರನ್ನು ಹೊರಗಿಡಬೇಕೆಂದು ನಿರ್ಣಯಿಸುವವರು ಅನೇಕ ಕುಟುಂಬಗಳಲ್ಲಿ ಅವರೇ. ಮಗನನ್ನೂ ಸೊಸೆಯನ್ನೂ ಈ ರೋಗಕ್ಕೆ ಕಳೆದುಕೊಂಡು ಮೊಮ್ಮಕ್ಕಳನ್ನು ಸಾಕಿದ ಅಜ್ಜಿಯರೂ ನಮ್ಮ ನಾಡಿನಲ್ಲಿ ಉಂಟು.

ಎರಡನೆಯದಾಗಿ, ರಕ್ಷೆಯ ಸಾಧನ. ಕಾಂಡೋಮ್ ಸಂತಾನವನ್ನು ತಡೆಯುವಂತೆಯೇ ಎಚ್.ಐ.ವಿ.ಯನ್ನೂ ಸಿಫಿಲಿಸ್ ಮುಂತಾದ ರೋಗಗಳನ್ನೂ ತಡೆಯುತ್ತದೆಂಬುದನ್ನು ಹೊಸದಾಗಿ ಕಲಿಸಬೇಕು. ಸ್ತ್ರೀಯರಿಗೆ ಒಣಗುವಿಕೆಯ ತೊಂದರೆಗೆ ನೀರಿನಂಶದ ಜಾರುಲೇಪಗಳು ದೊರೆಯುತ್ತವೆಂದೂ, ಎಣ್ಣೆ ಹಚ್ಚಿದರೆ ರಬ್ಬರಿನ ಕಾಂಡೋಮ್ ಹರಿಯಬಹುದೆಂದೂ ತಿಳಿಸಬೇಕು.

ಮೂರನೆಯದಾಗಿ, ಪರೀಕ್ಷೆ. ಸರ್ಕಾರೀ ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ರಕ್ತಪರೀಕ್ಷೆ ಉಚಿತ. ೧೦೯೭ ಎಂಬ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ. ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನು ನಿಷೇಧಿಸಿ, ಫಲವನ್ನು ಗುಟ್ಟಾಗಿಡಬೇಕೆಂದು ವಿಧಿಸಿದೆ. ಮಕ್ಕಳಿಗೆ ತಿಳಿದೀತೆಂದು ಹೆದರುವ ಹಿರಿಯರಿಗೆ ಈ ಕಾನೂನಿನ ಅರಿವೇ ಒಂದು ಧೈರ್ಯ. ಅಪಾಯಕರ ಸಂಪರ್ಕವಾಗಿದ್ದರೆ ೭೨ ಗಂಟೆಗಳೊಳಗೆ ವೈದ್ಯರ ಬಳಿಗೆ ಹೋಗಿ ತಡೆ ಔಷಧವನ್ನು ಆರಂಭಿಸಬಹುದೆಂಬುದನ್ನೂ ಹೇಳಬೇಕು.

ನಾಲ್ಕನೆಯದಾಗಿ, ಚಿಕಿತ್ಸೆಯ ಫಲ. ಚಿಕಿತ್ಸೆ ಪಡೆದು ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಮೆಯಾದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂಬುದು ಇಂದು ಸಿದ್ಧವಾದ ಸಂಗತಿ. ೨೦೧೬ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದರಲ್ಲಿ ಕಾಂಡೋಮ್ ಇಲ್ಲದೆ ನಡೆದ ಸುಮಾರು ೫೮,೦೦೦ ಸಂಪರ್ಕಗಳನ್ನು ಪರಿಶೀಲಿಸಿದಾಗ, ಇಂತಹ ಚಿಕಿತ್ಸೆಯಲ್ಲಿದ್ದವರಿಂದ ಅವರ ಸಂಗಾತಿಗಳಿಗೆ ಸೋಂಕು ಹರಡಿದ ಒಂದು ಉದಾಹರಣೆಯೂ ಕಂಡುಬರಲಿಲ್ಲ. ರೋಗವೆಂದರೆ ಮರಣವೆಂದು ೧೯೯೦ರ ದಶಕದಲ್ಲಿ ಕೇಳಿ, ಆಮೇಲೆ ಏನನ್ನೂ ಕೇಳದಿರುವ ಪೀಳಿಗೆಗೆ ಇದಕ್ಕಿಂತ ಮುಖ್ಯವಾದ ಸುದ್ದಿ ಬೇರೊಂದಿಲ್ಲ.

೭. ಶಿಕ್ಷಣದ ರೀತಿ

ವಿಷಯದಷ್ಟೇ ರೀತಿಯೂ ಮುಖ್ಯ. ಯುವಜನರಿಗಾಗಿ ಬರೆದ ಭಿತ್ತಿಪತ್ರದಲ್ಲಿ ಚಿತ್ರವನ್ನು ಬದಲಾಯಿಸಿದರೆ ಸಾಲದು. ಹಿರಿಯರು ಉಪದೇಶ ಕೇಳಿ ಬೆಳೆದವರು, ಈಗ ಉಪದೇಶ ಮಾಡುವ ಸ್ಥಾನದಲ್ಲಿರುವವರು. ಅವರನ್ನು ಶಿಷ್ಯರಂತೆ ಕೂರಿಸಿ ಪಾಠ ಹೇಳಿದರೆ ಎದ್ದುಹೋಗುತ್ತಾರೆ. ಅವರ ಸಮವಯಸ್ಕರು, ನಿವೃತ್ತ ಉಪಾಧ್ಯಾಯರು, ನಿವೃತ್ತ ದಾದಿಯರು ಮಾತನಾಡಿದರೆ ಕೇಳುತ್ತಾರೆ. ಹೆಂಗಸರಿಗೆ ಹೆಂಗಸರೇ ಹೇಳಬೇಕು. ಗಂಡಸರ ಸಭೆ ಬೇರೆಯಾಗಿರಬೇಕು. ಪಿಂಚಣಿದಾರರ ಸಂಘ, ಹಿರಿಯ ನಾಗರಿಕರ ವೇದಿಕೆ, ಸ್ತ್ರೀಯರ ಸ್ವಸಹಾಯ ಸಂಘ, ಹಳ್ಳಿಯ ಅರಳಿಕಟ್ಟೆ ಇವು ಈಗಾಗಲೇ ಇರುವ ಸ್ಥಳಗಳು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಹಿರಿಯರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಎಲ್ಲಕ್ಕಿಂತ ಸುಲಭವಾದ ಮಾರ್ಗವು ವೈದ್ಯರ ಕೊಠಡಿಯಲ್ಲಿಯೇ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣಾ ಶಿಬಿರಕ್ಕೆ ಹಿರಿಯರು ಯಾವ ಸಂಕೋಚವೂ ಇಲ್ಲದೆ ಬರುತ್ತಾರೆ. ‘ಸಕ್ಕರೆ ನೋಡುವ ಹಾಗೆ ಇದನ್ನೂ ಒಂದು ಸಲ ನೋಡಿಬಿಡೋಣ ಯಜಮಾನರೇ, ನಿಮ್ಮ ವಯಸ್ಸಿನವರಿಗೆಲ್ಲ ಹೇಳುತ್ತಿದ್ದೇವೆ, ನಿಮಗೆ ಒಪ್ಪಿಗೆಯಾದರೆ ಮಾತ್ರ’ ಎಂದು ವೈದ್ಯರು ಹೇಳಿದರೆ ಅದರಲ್ಲಿ ಆಕ್ಷೇಪಣೆಯೂ ಇಲ್ಲ, ಅನುಮಾನವೂ ಇಲ್ಲ. ಎಲ್ಲರಿಗೂ ಹೇಳುವ ಮಾತಿನಿಂದ ಯಾರ ಮರ್ಯಾದೆಗೂ ಕುಂದಿಲ್ಲ. ಆದರೆ ನಮ್ಮಲ್ಲಿ ೧೯೯೨ರಿಂದ ನಡೆಯುತ್ತಿರುವ ಏಡ್ಸ್ ನಿಯಂತ್ರಣ ಕಾರ್ಯಕ್ರಮವೂ ೨೦೧೦-೧೧ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವೂ ಬೇರೆಬೇರೆ ಉದ್ದೇಶಗಳಿಂದ ಹುಟ್ಟಿದುವು. ಒಂದರ ದೃಷ್ಟಿ ಮುಖ್ಯವಾಗಿ ಅಪಾಯಕ್ಕೊಳಗಾದ ಯುವಕರ ಮತ್ತು ವಿಶಿಷ್ಟ ಸಮುದಾಯಗಳ ಮೇಲೆ. ಇನ್ನೊಂದರ ದೃಷ್ಟಿ ವೃದ್ಧಾಪ್ಯದ ದೀರ್ಘ ವ್ಯಾಧಿಗಳ ಮೇಲೆ. ಒಂದೇ ಜಿಲ್ಲಾ ಆಸ್ಪತ್ರೆಯಲ್ಲಿರುವ ಈ ಎರಡು ಕೊಠಡಿಗಳವರು ಪರಸ್ಪರ ಮಾತನಾಡಿಕೊಂಡರೆ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಕಾಗುವುದಿಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ವ್ಯಕ್ತವಾಗುವ ಸಂಗತಿಯನ್ನು ಹೀಗೆ ಸಂಗ್ರಹಿಸಬಹುದು. ವೃದ್ಧರು ಎಚ್.ಐ.ವಿ. ಶಿಕ್ಷಣದಿಂದ ಹೊರಗುಳಿದುದು ಯಾರದೋ ಒಂದು ನಿರ್ಧಾರದಿಂದಲ್ಲ. ಸಂತಾನಯೋಗ್ಯ ವಯಸ್ಸೆಂಬ ಅಳತೆಗೋಲು, ಸಂತಾನನಿಯಂತ್ರಣದ ಪ್ರಚಾರ ಬಿಟ್ಟುಹೋದ ತಿಳಿವಳಿಕೆ, ಹಿರಿಯರ ಮೇಲಣ ಗೌರವದ ಮೌನ—ಈ ಮೂರೂ ಬೇರೆಬೇರೆ ಕಾಲಗಳಲ್ಲಿ ಬೇರೆಬೇರೆ ಕಾರಣಗಳಿಂದ ಹುಟ್ಟಿ ಒಂದೆಡೆ ಕೂಡಿದುವು. ಮನುಷ್ಯರು ಎಳೆದ ಗೆರೆಯಾದುದರಿಂದ ಇದನ್ನು ಮನುಷ್ಯರೇ ತಿದ್ದಬಹುದು.

ತಿದ್ದುವುದಕ್ಕೆ ಕಾಲವೂ ಒದಗಿಬಂದಿದೆ. ೧೯೪೧-೫೧ರ ದಶಕದಲ್ಲಿ ಭಾರತೀಯನ ಸರಾಸರಿ ಆಯುಷ್ಯವು ಸುಮಾರು ೩೨ ವರ್ಷ. ೨೦೧೪-೧೮ರ ವೇಳೆಗೆ ಅದು ೬೯ ವರ್ಷಗಳನ್ನು ಮೀರಿತು. ನಲವತ್ತೊಂಬತ್ತಕ್ಕೆ ಲೆಕ್ಕ ಮುಗಿಸುವ ಪದ್ಧತಿಯಿಂದ ಇಂದಿನ ಆಯುಷ್ಯದ ಕೊನೆಯ ಇಪ್ಪತ್ತು ವರ್ಷಗಳು ಹೊರಗುಳಿಯುತ್ತವೆ. ಆಯುಷ್ಯವನ್ನು ಹೆಚ್ಚಿಸಿದ ವಿಜ್ಞಾನವು ಆ ಹೆಚ್ಚಿದ ಆಯುಷ್ಯವನ್ನು ಕಾಪಾಡಿಕೊಳ್ಳುವ ವಿದ್ಯೆಯನ್ನೂ ಹಿರಿಯರಿಗೆ ತಲಪಿಸಬೇಕು. ಸಮೀಕ್ಷೆಗಳ ವಯೋಮಿತಿಯನ್ನು ವಿಸ್ತರಿಸುವುದು, ಹಿರಿಯರ ತಪಾಸಣಾ ಶಿಬಿರಗಳಲ್ಲಿ ಈ ಪರೀಕ್ಷೆಯನ್ನೂ ಸೇರಿಸುವುದು, ಅವರ ಸಂಘಗಳಲ್ಲಿ ಅವರವರಿಂದಲೇ ಮಾತನಾಡಿಸುವುದು—ಈ ಮೂರು ಕಾರ್ಯಗಳಲ್ಲಿ ಮೊದಲನೆಯದು ಸರ್ಕಾರದ್ದು, ಎರಡನೆಯದು ವೈದ್ಯರದು. ಮೂರನೆಯದನ್ನು ನಮ್ಮ ವಿಶ್ವವಿದ್ಯಾನಿಲಯಗಳ ನಿವೃತ್ತ ಅಧ್ಯಾಪಕರೇ ನಾಳೆಯಿಂದ ಆರಂಭಿಸಬಹುದು.